ದಾಸ್ತಾನು ಪುಸ್ತಕದಲ್ಲಿ ಒಂದು ಹೊಲಿಗೆ ಯಂತ್ರ

ಕಳೆದ ಬೇಸಿಗೆಯಲ್ಲಿ ನನ್ನ ತಂಗಿಯ ಮಗಳು ಅಮೆರಿಕದಿಂದ ಬಂದಾಗ ನನಗೊಂದು ಮರದ ಡಬ್ಬಿ ತಂದುಕೊಟ್ಟಳು. ಅಂಗೈಗಿಂತ ತುಸು ದೊಡ್ಡದು. ಮುಚ್ಚಳದ ಮೇಲೆ, ನಾನು ಶುಕ್ರವಾರಗಳಂದು ಬಾಗಿಲಿಗೆ ಹಾಕುವ ಚುಕ್ಕಿ ರಂಗೋಲಿ ಒಂದೆಳೆಯೂ ತಪ್ಪದ ಹಾಗೆ ಕೊರೆದಿತ್ತು. ಮೊಳೆಯಿಲ್ಲ, ತಿರುಪಿಲ್ಲ, ತೆಳು ಹಲಗೆಯ ಹಲ್ಲುಗಳು ಒಂದರೊಳಗೊಂದು ಕೂತು ಡಬ್ಬಿಯಾಗಿದ್ದವು. "ಎಷ್ಟು ಕೊಟ್ಟೆಯೇ ಇದಕ್ಕೆ?" ಎಂದೆ. "ಕೊಡೋದೇನು ದೊಡ್ಡಮ್ಮ, ನಾನೇ ಮಾಡಿದ್ದು. ಅಮ್ಮ ಕಳಿಸಿದ್ದ ಫೋಟೋದಿಂದ ನಿಮ್ಮ ರಂಗೋಲಿ ತೆಗೆದುಕೊಂಡೆ" ಎಂದಳು.

ನನಗೆ ನಂಬಿಕೆಯಾಗಲಿಲ್ಲ. ಈ ಹುಡುಗಿ ನಮ್ಮ ಮನೆಯಲ್ಲಿ ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡವಳು. ಓದುತ್ತಿರುವುದು ಅರ್ಥಶಾಸ್ತ್ರ. ಬಾಸ್ಟನ್ ನಗರದ ಹತ್ತಿರವಿರುವ ಅವಳ ವಿಶ್ವವಿದ್ಯಾಲಯದಲ್ಲಿ ಒಂದು ದೊಡ್ಡ ಕಾರ್ಯಾಗಾರವಿದೆಯಂತೆ. ಯಾವ ವಿಷಯ ಓದುವವರಾದರೂ ಅಲ್ಲಿಗೆ ಹೋಗಿ, ಯಂತ್ರ ನಡೆಸುವುದನ್ನು ಕಲಿತು, ಬೇಕಾದದ್ದು ಮಾಡಿಕೊಳ್ಳಬಹುದಂತೆ. 'ಮೇಕರ್‌ಸ್ಪೇಸ್' ಎಂದು ಅದರ ಹೆಸರು. ಮಾಡುವವರ ಜಾಗ ಎಂದುಕೊಳ್ಳಿ.

ಅಲ್ಲಿ ಏನೇನಿದೆ ಎಂದು ಕೇಳಿದ್ದಕ್ಕೆ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯ ಚಿತ್ರವನ್ನು ಫೋನಿನಲ್ಲಿ ತೋರಿಸಿದಳು. ತಿಂಗಳ ಮೊದಲ ವಾರದ ದಿನಸಿ ಚೀಟಿಯಂತೆ ಉದ್ದಕ್ಕಿತ್ತು. ಲೇತ್, ಮಿಲ್ಲಿಂಗ್ ಯಂತ್ರ, ಗರಗಸ, ಡ್ರಿಲ್ಲು, ಲೇಸರ್ ಕಟರ್, ತ್ರೀ-ಡಿ ಪ್ರಿಂಟರ್, ಬೆಸುಗೆ ಹಾಕುವ ಸಾಮಾನು, ವಿದ್ಯುತ್ ಅಳೆಯುವ ಮೀಟರುಗಳು. ಇವುಗಳ ನಡುವೆ ಎರಡು ಸಾಲು: ಹೊಲಿಗೆ ಯಂತ್ರ, ಕಸೂತಿ ಯಂತ್ರ.

"ಹೊಲಿಗೆ ಮಿಷನ್ನು ಅಲ್ಲಿ ಯಾಕೆ?" ಎಂದು ಕೇಳಿಬಿಟ್ಟೆ.

"ಅದೂ ಮಿಷನ್ನೇ ಅಲ್ವಾ ದೊಡ್ಡಮ್ಮ?" ಎಂದಳು ಅವಳು.

ನಿಜ. ಆದರೆ ಐವತ್ತು ದಾಟಿದ ನಾನು ಅದನ್ನು ಒಮ್ಮೆಯೂ ಹಾಗೆ ಎಣಿಸಿರಲಿಲ್ಲ. ನಮ್ಮಮ್ಮನ ಬಳಿ ಕಾಲಿನಿಂದ ತುಳಿಯುವ ಸಿಂಗರ್ ಇತ್ತು. ಕಪ್ಪು ಮೈ, ಅದರ ಮೇಲೆ ಸವೆದ ಚಿನ್ನದ ಬಣ್ಣದ ಬಳ್ಳಿ. ನನ್ನ ಬಿ.ಎ. ಮತ್ತು ಬಿ.ಎಡ್. ಎರಡರ ಫೀಸೂ ಬಂದದ್ದು ನಮ್ಮ ಬೀದಿಯ ಹೆಂಗಸರ ರವಿಕೆಗಳಿಂದ. ದಾರ ಪದೇ ಪದೇ ಕಿತ್ತುಹೋದರೆ ಅಮ್ಮ ಬಾಬಿನ್ ಕೇಸನ್ನು ಬಿಚ್ಚಿ, ಅದರ ಸಣ್ಣ ತಿರುಪನ್ನು ಕಾಲು ಸುತ್ತು ತಿರುಗಿಸಿ, ದಾರವನ್ನು ಎಳೆದು ನೋಡಿ ಸರಿಮಾಡುತ್ತಿದ್ದಳು. ಮಳೆಗಾಲದಲ್ಲಿ ಚರ್ಮದ ಬೆಲ್ಟು ಸಡಿಲವಾದರೆ ಬೆರಳಗಲ ಕತ್ತರಿಸಿ ಮತ್ತೆ ಕೊಂಡಿ ಹಾಕುತ್ತಿದ್ದಳು. ಅಪ್ಪ ಸೈಕಲ್ಲಿನ ಚೈನು ಹಾಕಿದರೆ 'ರಿಪೇರಿ' ಎನ್ನುತ್ತಿದ್ದೆವು. ಅಮ್ಮ ಮಾಡುತ್ತಿದ್ದುದಕ್ಕೆ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ. ಶಾಲೆಯಲ್ಲೂ ಅಷ್ಟೆ. ಕ್ರಾಫ್ಟ್ ಪೀರಿಯಡ್ಡಿನಲ್ಲಿ ಹುಡುಗರಿಗೆ ಬಡಗಿ ಕೆಲಸ, ನಮಗೆ ಕಾಜಾ ಗುಂಡಿ. ಉಳಿ ಹೇಗೆ ಹಿಡಿಯುತ್ತಾರೆ ಎಂದು ಕಿಟಕಿಯಿಂದ ನೋಡಿದ್ದೇ ಬಂತು.

ಸಮಾಜ ವಿಜ್ಞಾನ ಕಲಿಸುವವಳಾದ ನನಗೆ ಯಾವುದನ್ನೇ ಕಂಡರೂ ಅದರ ಹಿಂದಿನದು ಕೆದಕುವ ಚಾಳಿ. ಮಗಳು ವಾಪಸು ಹೋದ ಮೇಲೆ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಮಾನಿನ ಚರಿತ್ರೆ ಓದುತ್ತ ಹೋದೆ. ಓದಿದಷ್ಟೂ ಒಂದೇ ಪ್ರಶ್ನೆ ಎದುರಾಗುತ್ತಿತ್ತು. ಈ ಸಾಮಾನು ಯಾರು ಮಾಡಿದರು ಎನ್ನುವುದು ಪುಸ್ತಕದಲ್ಲಿರುತ್ತದೆ. ಇದನ್ನು ಯಾರು ಮುಟ್ಟಬಹುದಾಗಿತ್ತು?

ಮೊದಲು ನನ್ನ ಡಬ್ಬಿ ಹುಟ್ಟಿದ ಲೇಸರ್ ಕಟರನ್ನೇ ನೋಡಿ. ಗಾಜಿನ ಮುಚ್ಚಳದ ಪೆಟ್ಟಿಗೆಯಂತಹ ಯಂತ್ರ. ಕಣ್ಣಿಗೆ ಕಾಣದ ಕಿರಣವೊಂದು ಕನ್ನಡಿಗಳ ಮೇಲೆ ಬಿದ್ದು, ಮಸೂರದಲ್ಲಿ ಹಾದು ಸೂಜಿಮೊನೆಯಷ್ಟು ಜಾಗಕ್ಕೆ ಇಳಿಯುತ್ತದೆ. ಆ ಜಾಗದ ಮರ ಸುಟ್ಟು ಹೊಗೆಯಾಗಿ ಹೋಗುತ್ತದೆ. ಕಂಪ್ಯೂಟರಿನಲ್ಲಿ ಬರೆದ ಗೆರೆಯ ಮೇಲೆ ಕಿರಣ ನಡೆಯುತ್ತದೆ; ಹಲಗೆ ಕತ್ತರಿಸಿ ಬೀಳುತ್ತದೆ. ಬಟ್ಟೆ, ಚರ್ಮ, ರಟ್ಟು ಎಲ್ಲವನ್ನೂ ಕತ್ತರಿಸಬಹುದು. ಪಿ.ವಿ.ಸಿ. ಪ್ಲಾಸ್ಟಿಕ್ಕನ್ನು ಮಾತ್ರ ಅದರೊಳಗೆ ಇಡಕೂಡದು, ವಿಷದ ಹೊಗೆ ಬರುತ್ತದೆ. ಇಂತಹ ಬಹುತೇಕ ಯಂತ್ರಗಳಲ್ಲಿರುವುದು ಇಂಗಾಲದ ಡೈ ಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಸಿ. ಕುಮಾರ್ ಪಟೇಲ್. ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲೇ ಇಂಜಿನಿಯರಿಂಗ್ ಓದಿ ಹೋದವರು. ನನ್ನ ರಂಗೋಲಿಯನ್ನು ಬಾಸ್ಟನ್ನಿನಲ್ಲಿ ಕೊರೆದದ್ದು ಬಾರಾಮತಿಯವರ ಕಿರಣ ಎಂದು ತಿಳಿದಾಗ, ದೂರದೂರಿನ ಸಂತೆಯಲ್ಲಿ ನೆಂಟರು ಸಿಕ್ಕ ಹಾಗಾಯಿತು.

ತ್ರೀ-ಡಿ ಪ್ರಿಂಟರ್ ಎಂಬ ಹೆಸರಿಗೆ ಹೆದರಬೇಕಾಗಿಲ್ಲ. ಚಕ್ಕುಲಿ ಒರಳು ಗೊತ್ತಿರುವವರಿಗೆ ಅದು ಹೊಸದಲ್ಲ. ಹಿಟ್ಟಿನ ಬದಲು ಪ್ಲಾಸ್ಟಿಕ್ಕಿನ ಎಳೆ; ಸುಮಾರು 200 ಡಿಗ್ರಿ ಕಾವಿನಲ್ಲಿ ಕರಗಿ ಸಣ್ಣ ತೂತಿನಿಂದ ಇಳಿಯುತ್ತದೆ. ಒರಳನ್ನು ತಿರುಗಿಸುವ ಕೈ ಕಂಪ್ಯೂಟರಿನದು. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು, ಕೂದಲೆಳೆಯಷ್ಟು ದಪ್ಪದ ಪದರಗಳು ಏರುತ್ತ ಏರುತ್ತ ಲೋಟವೋ ಗೊಂಬೆಯೋ ಆಗುತ್ತದೆ. ಸ್ಕಾಟ್ ಕ್ರಂಪ್ ಎಂಬ ಇಂಜಿನಿಯರು 1988ರಲ್ಲಿ ತನ್ನ ಪುಟ್ಟ ಮಗಳಿಗೆ ಆಟದ ಕಪ್ಪೆ ಮಾಡಿಕೊಡಲು, ಬಿಸಿ ಅಂಟು ಹಾಕುವ ಗನ್ನಿನಿಂದ ಪ್ಲಾಸ್ಟಿಕ್ಕನ್ನೂ ಮೇಣವನ್ನೂ ಪದರಪದರವಾಗಿ ಇಳಿಸಿ ನೋಡಿದ್ದೇ ಇದರ ಆರಂಭ. ಮರುವರ್ಷ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿ, ಹೆಂಡತಿಯೊಂದಿಗೆ ಕಂಪನಿ ತೆರೆದ. ಬೇರೆ ರೀತಿಯ ತ್ರೀ-ಡಿ ಮುದ್ರಣವನ್ನು ಅದಕ್ಕೂ ಮುಂಚೆ, 1983ರಲ್ಲಿ, ಚಕ್ ಹಲ್ ಎಂಬಾತ ಮಾಡಿ ತೋರಿಸಿದ್ದ. ಇಷ್ಟಾದರೂ ಯಂತ್ರದ ಬೆಲೆ ಶಾಲೆಗಳ ಕೈಗೆ ಎಟುಕುತ್ತಿರಲಿಲ್ಲ. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್, ತನ್ನ ಭಾಗಗಳನ್ನು ತಾನೇ ಅಚ್ಚು ಹಾಕಿಕೊಳ್ಳಬಲ್ಲ ಯಂತ್ರದ ಯೋಜನೆ ಹಿಡಿದು, ಅದರ ನಕ್ಷೆಗಳನ್ನೆಲ್ಲ ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. 2009ರಲ್ಲಿ ಕ್ರಂಪನ ಪೇಟೆಂಟಿನ ಅವಧಿಯೂ ಮುಗಿಯಿತು. ಬೆಲೆ ಇಳಿದದ್ದು ಆಮೇಲೆ.

ಇನ್ನು ಮಿಲ್ಲಿಂಗ್ ಯಂತ್ರ. ಇದು ಕೂಡಿಸುವುದಿಲ್ಲ, ಕೆತ್ತುತ್ತದೆ. ತಿರುಗುವ ಅಲಗು ಲೋಹದ ಗಟ್ಟಿಯಿಂದ ಬೇಡದ್ದನ್ನು ಕೆರೆದು ತೆಗೆಯುತ್ತದೆ. ಹಿಂದೆ ಅದರ ಹಿಡಿಗಳನ್ನು ತಿರುಗಿಸುತ್ತಿದ್ದುದು ನುರಿತ ಕೆಲಸಗಾರನ ಕೈ. ಹೆಲಿಕಾಪ್ಟರಿನ ರೆಕ್ಕೆಗಳ ಕೆಲಸ ಹಿಡಿದಿದ್ದ ಜಾನ್ ಪಾರ್ಸನ್ಸ್ ಎಂಬಾತ, ಕೈಯ ಬದಲು ಅಂಕಿಗಳಿಂದಲೇ ಯಂತ್ರ ನಡೆಸಬಹುದೆಂದು ಯೋಚಿಸಿದ. ಬಾಸ್ಟನ್ನಿನ ಪಕ್ಕದ ಕೇಂಬ್ರಿಜ್ ಊರಿನಲ್ಲಿರುವ ಎಂ.ಐ.ಟಿ. ಎಂಬ ಹೆಸರಾಂತ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯ 1952ರಲ್ಲಿ ಅದನ್ನು ಮಾಡಿ ತೋರಿಸಿತು. ಕಾಗದದ ಪಟ್ಟಿಯಲ್ಲಿ ತೂತುಗಳು; ತೂತುಗಳನ್ನು ಓದಿಕೊಂಡು ಅಲಗು ನಡೆಯುತ್ತಿತ್ತು. ತೂತು ಓದಿ ಕೆಲಸ ಮಾಡುವುದು ಮಗ್ಗಕ್ಕೆ ಮೊದಲೇ ಗೊತ್ತಿತ್ತು ಎನ್ನುವುದನ್ನು ಇಲ್ಲಿ ನೆನೆಯಬೇಕು. ಫ್ರಾನ್ಸಿನ ಜಕಾರ್ಡ್ 1804ರಲ್ಲೇ ತೂತಿನ ರಟ್ಟುಗಳಿಂದ ಸೀರೆಯಂಚಿನಂತಹ ಚಿತ್ತಾರ ನೇಯುವ ಮಗ್ಗ ಮಾಡಿದ್ದ. ನಮ್ಮ ಊರುಗಳ ರೇಷ್ಮೆ ಮಗ್ಗದ ತಲೆಯ ಮೇಲೆ 'ಜಕಾರ್ಡ್' ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಲಿಗೆ ಯಂತ್ರವೂ ಮಗ್ಗದಿಂದ ಸಾಲ ಪಡೆದದ್ದೇ. 1846ರಲ್ಲಿ ಇಲಿಯಾಸ್ ಹೌ ಎಂಬ ಅಮೆರಿಕದವನು ಪೇಟೆಂಟ್ ಪಡೆದ ಯಂತ್ರದಲ್ಲಿ, ಸೂಜಿಯ ಕಣ್ಣು ಮೊನೆಯ ಬಳಿಗೇ ಬಂದಿತ್ತು. ಕೆಳಗಿನ ಎರಡನೆಯ ದಾರವನ್ನು ಒಯ್ಯಲು ನೇಕಾರರ ಲಾಳಿಯಂತಹ ಲಾಳಿ. 1851ರಲ್ಲಿ ಐಸಾಕ್ ಸಿಂಗರ್ ಅದನ್ನು ಇನ್ನಷ್ಟು ಸುಧಾರಿಸಿದ. ಕೆಲವೇ ವರ್ಷಗಳಲ್ಲಿ ಅವನ ಕಂಪನಿ ಕಂತಿನ ಮೇಲೆ ಯಂತ್ರ ಮಾರತೊಡಗಿತು. ಗೃಹಿಣಿಯ ಕೈಗೆ ಅದು ಬಂದದ್ದು ಹಾಗೆ. ಯಂತ್ರಗಳ ಹುಚ್ಚನ್ನು ವಿರೋಧಿಸಿದ ಗಾಂಧೀಜಿ ಕೂಡ 1924ರಲ್ಲಿ ಮಾತಿನ ನಡುವೆ ಸಿಂಗರ್ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಇಷ್ಟೆಲ್ಲ ಕೀರ್ತಿವಂತ ಯಂತ್ರ, ಹೆಂಗಸಿನ ಕೈಗೆ ಬಂದ ಮೇಲೆ ಯಂತ್ರಗಳ ಸಾಲಿನಿಂದ ಇಳಿದು ಕುರ್ಚಿ ಮೇಜುಗಳ ಸಾಲಿಗೆ ಸೇರಿಹೋಯಿತು. ಮೇಲೊಂದು ಕಸೂತಿ ಬಟ್ಟೆ ಹೊದೆಸಿ ಹೂದಾನಿ ಇಟ್ಟರೆ ಮುಗಿಯಿತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಅಂಕಿಗಳಿಂದ ಯಂತ್ರ ನಡೆಸಿದ ಆ ಎಂ.ಐ.ಟಿ.ಗೆ ಮೊದಲು ಸೇರಿದ ಹೆಂಗಸು ಎಲೆನ್ ಸ್ವಾಲೋ. 1870ರ ಕೊನೆಯಲ್ಲಿ ರಸಾಯನಶಾಸ್ತ್ರ ಓದಲು ಬಂದಳು. ಅವಳಿಂದ ಫೀಸು ತೆಗೆದುಕೊಳ್ಳಲಿಲ್ಲ. ತನ್ನ ಬಡತನ ನೋಡಿ ಬಿಟ್ಟಿರಬೇಕೆಂದು ಅವಳು ತಿಳಿದಿದ್ದಳು. ನಿಜವಾದ ಕಾರಣ ಆಮೇಲೆ ಗೊತ್ತಾಯಿತು: ಯಾರಾದರೂ ಆಕ್ಷೇಪಿಸಿದರೆ 'ಅವಳು ನಮ್ಮ ವಿದ್ಯಾರ್ಥಿನಿಯೇ ಅಲ್ಲ' ಎಂದು ಹೇಳಲು ಅನುಕೂಲವಾಗಲಿ ಎಂದು! ಪ್ರಯೋಗಾಲಯದಲ್ಲಿ ತನ್ನ ಜಾಗ ಉಳಿಸಿಕೊಳ್ಳಲು ಅವಳು ಏನು ಮಾಡಿದಳು ಗೊತ್ತೆ? ಸೂಜಿ, ದಾರ, ಗುಂಡುಪಿನ್ನು, ಕತ್ತರಿಗಳನ್ನು ಹತ್ತಿರ ಇಟ್ಟುಕೊಂಡಳು. ಪ್ರೊಫೆಸರ ಬೆರಳಿಗೆ ಗಾಯವಾದರೆ ಬಟ್ಟೆ ಕಟ್ಟಿದಳು, ಮೇಜಿನ ಧೂಳು ಒರೆಸಿದಳು, ಹರಿದದ್ದು ಹೊಲಿದುಕೊಟ್ಟಳು. ಹಾಗೆ ಉಪಯೋಗಕ್ಕೆ ಬೀಳುತ್ತಿರುವುದರಿಂದ ತನ್ನನ್ನು ಯಾರೂ ಹೊರಗೆ ಹಾಕಲಾರರು ಎಂದು ಪತ್ರದಲ್ಲಿ ಬರೆದುಕೊಂಡಿದ್ದಾಳೆ. 1873ರಲ್ಲಿ ಪದವಿ ಪಡೆದಳು. 1876ರಲ್ಲಿ ಬಾಸ್ಟನ್ನಿನ ಮಹಿಳಾ ಸಂಘದವರು ಹಣ ಕೂಡಿಸಿ, ಆ ಸಂಸ್ಥೆಯಲ್ಲೇ ಹೆಂಗಸರಿಗೆಂದು ಬೇರೆ ಪ್ರಯೋಗಾಲಯ ತೆರೆಯಲು ಇವಳೇ ಕಾರಣ. ಮುಂದೆ ಗಂಡಸರ ಜೊತೆಗೇ ಓದಲು ಹೆಂಗಸರಿಗೆ ಅವಕಾಶವಾದಾಗ, 1883ರಲ್ಲಿ, ಆ ಬೇರೆ ಕೋಣೆಯನ್ನು ಮುಚ್ಚಿದರು.

ಅದು ಅಮೆರಿಕದ ಮಾತು, ಹತ್ತೊಂಬತ್ತನೆಯ ಶತಮಾನದ ಮಾತು ಎನ್ನುವಂತಿಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣೆಂಬ ಕಾರಣಕ್ಕೇ ಅರ್ಜಿ ತಿರಸ್ಕಾರವಾಯಿತು. ಆ ಹುಡುಗಿ ಸುಮ್ಮನೆ ಊರಿಗೆ ಹೋಗಲಿಲ್ಲ, ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಬಹುದು, ಗಂಡು ಸಂಶೋಧಕರ ಗಮನ ಕೆಡಿಸಕೂಡದು ಎಂಬಂತಹ ಷರತ್ತುಗಳ ಮೇಲೆ ಒಳಗೆ ಬಿಟ್ಟರು. ಅವರ ಕೆಲಸ ನೋಡಿದ ಮೇಲೆ ರಾಮನ್ನರ ಮನಸ್ಸು ಬದಲಾಯಿತು. ಉಳಿದ ಹೆಣ್ಣುಮಕ್ಕಳಿಗೂ ದಾರಿಯಾಯಿತು. ಕಮಲಾ 1939ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಮದುವೆಯ ನಂತರದ ಹೆಸರು ಕಮಲಾ ಸೊಹೊನಿ.

ಬಾಗಿಲಲ್ಲಿ ತಡೆಯುವುದು ಒಂದು ರೀತಿ. ಒಳಗೆ ಬಿಟ್ಟು, ಮಾಡಿದ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಇನ್ನೊಂದು ರೀತಿ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ದಾರಿ ತೋರಿಸಿದ ಅಪೋಲೋ ನೌಕೆಯ ಕಂಪ್ಯೂಟರನ್ನು ರೂಪಿಸಿದ್ದೂ ಎಂ.ಐ.ಟಿ.ಯ ಪ್ರಯೋಗಾಲಯವೇ. ಅದರ ಸೂಚನೆಗಳನ್ನು ಕೂಡಿಡುವ ಭಾಗವನ್ನು ಅಕ್ಷರಶಃ ಹೊಲಿದೇ ಮಾಡಬೇಕಿತ್ತು. ಮಣಿಯಷ್ಟು ಚಿಕ್ಕ ಅಯಸ್ಕಾಂತದ ಬಳೆಗಳ ಸಾಲು. ತಂತಿ ಬಳೆಯೊಳಗೆ ಹಾದರೆ ಒಂದು, ಹೊರಗಿನಿಂದ ಹೋದರೆ ಸೊನ್ನೆ. ಹತ್ತಿರದ ವಾಲ್ತಮ್ ಊರಿನ ಕಾರ್ಖಾನೆಯಲ್ಲಿ ಕುಳಿತ ಹೆಂಗಸರು ಸೂಜಿಯಂತಹ ಸಾಧನಕ್ಕೆ ತಂತಿ ಪೋಣಿಸಿ, ವಾರಗಟ್ಟಲೆ ಹೀಗೆ ನೇಯುತ್ತಿದ್ದರು. ಒಂದು ಎಳೆ ತಪ್ಪಿದರೆ ಲೆಕ್ಕವೇ ತಪ್ಪು. ಇಂಜಿನಿಯರುಗಳು ಅದಕ್ಕೆ ತಮಾಷೆಗೆ 'ಮುದುಕಿಯರ ನೆನಪು' ಎಂಬರ್ಥದ ಹೆಸರಿಟ್ಟಿದ್ದರು. ನಗಲಿ, ಪರವಾಗಿಲ್ಲ. ಚಂದ್ರನವರೆಗೆ ಹೋಗಿಬಂದವರು ನೆಚ್ಚಿಕೊಂಡದ್ದು ಆ ನೆನಪನ್ನೇ ತಾನೆ?

ಅದೇ ಎಂ.ಐ.ಟಿ.ಯಲ್ಲಿ 1998ರಲ್ಲಿ ನೀಲ್ ಗರ್ಷೆನ್‌ಫೆಲ್ಡ್ ಎಂಬ ಪ್ರಾಧ್ಯಾಪಕರು 'ಹೆಚ್ಚುಕಡಿಮೆ ಏನನ್ನು ಬೇಕಾದರೂ ಮಾಡುವುದು ಹೇಗೆ' ಎಂಬರ್ಥದ ತರಗತಿ ಆರಂಭಿಸಿದರು. ದೊಡ್ಡ ಯಂತ್ರಗಳ ಬಳಕೆ ತಿಳಿಯಬೇಕಾದ ಕೆಲವೇ ಸಂಶೋಧಕರು ಬರುತ್ತಾರೆಂದು ಅವರ ಎಣಿಕೆ. ಬಂದವರು ನೂರರಷ್ಟು! ಚಿತ್ರ ಕಲಾವಿದರು, ಮನೆಯ ನಕ್ಷೆ ಬರೆಯುವವರು, ಯಂತ್ರದ ಗಂಧವಿಲ್ಲದವರು. ಪ್ರಬಂಧ ಬರೆಯಲು ಬೇಕೆಂದಲ್ಲ, ತಮಗೆ ಬೇಕಾದದ್ದೊಂದನ್ನು ಮಾಡಿಕೊಳ್ಳಬೇಕೆಂದು ಬಂದವರು.

ಅವರಲ್ಲಿ ಕೆಲ್ಲಿ ಡಾಬ್ಸನ್ ಎಂಬ ಕಲಾವಿದೆ ಮಾಡಿದ್ದನ್ನು ಓದಿ ನಾನು ನಗುತ್ತಲೇ ಸುಮ್ಮನಾದೆ. ಎದೆಗೆ ಕಟ್ಟಿಕೊಳ್ಳುವ ಒಂದು ಚೀಲ. ಕಿರುಚಿಬಿಡಬೇಕು ಅನ್ನಿಸಿದಾಗ, ಸುತ್ತ ಜನರಿದ್ದು ಕಿರುಚಲಾಗದಿದ್ದಾಗ, ಅದರ ಬಾಯಿಗೆ ಬಾಯಿಟ್ಟು ಕಿರುಚಬಹುದು. ಹೊರಗೆ ಸದ್ದು ಕೇಳುವುದಿಲ್ಲ. ಚೀಲ ಆ ಕೂಗನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನುಕೂಲವಾದ ಜಾಗಕ್ಕೆ ಹೋದ ಮೇಲೆ ಬಿಟ್ಟುಕೊಡುತ್ತದೆ. ಮೀಜಿನ್ ಯೂನ್ ಎಂಬಾಕೆ ಮಾಡಿದ್ದು ಒಂದು ಉಡುಪು. ಯಾರಾದರೂ ತೀರ ಹತ್ತಿರ ಬಂದರೆ ಮುಳ್ಳುಹಂದಿಯಂತೆ ಅದರ ಕಡ್ಡಿಗಳು ನಿಮಿರಿ ನಿಲ್ಲುತ್ತವೆ. ಊರಿನ ರಷ್ಷಿನ ಬಸ್ಸಿನಲ್ಲಿ ನಿಂತು ಶಾಲೆಗೆ ಹೋಗಿಬಂದ ಯಾವ ಹೆಂಗಸಿಗೂ ಈ ಎರಡು ಸಾಮಾನುಗಳ ಉಪಯೋಗ ವಿವರಿಸಬೇಕಾಗಿಲ್ಲ. ಯಾವ ಕಾರ್ಖಾನೆಯವರೂ ಇಂಥದ್ದು ಮಾಡಿ ಮಾರಲು ಯೋಚಿಸಿರಲಾರರು. ಯಂತ್ರ ಮುಟ್ಟುವ ಕೈ ಬದಲಾದಾಗ, ಯಂತ್ರದಿಂದ ಹೊರಬರುವ ವಸ್ತುವೂ ಬದಲಾಗುತ್ತದೆ ಎನ್ನುವುದು ನನಗೆ ಅಲ್ಲಿ ಅರ್ಥವಾಯಿತು.

ಸೂಜಿಗೂ ಮರ್ಯಾದೆ ಬಂತು. 2007ರಲ್ಲಿ ಲಿಯಾ ಬೂಕ್ಲಿ ಎಂಬ ಸಂಶೋಧಕಿ ಬಟ್ಟೆಗೆ ಹೊಲಿಯಬಹುದಾದ ಪುಟ್ಟ ಕಂಪ್ಯೂಟರನ್ನು ಬಳಕೆಗೆ ತಂದಳು. ಹೂವಿನಂತೆ ದುಂಡಗಿನ ಬಿಲ್ಲೆ, ಅಂಚಿನಲ್ಲಿ ದಳಗಳಂತೆ ತೂತುಗಳು. ತಂತಿ ಬೆಸೆಯುವ ಬದಲು ವಿದ್ಯುತ್ ಹರಿಯುವ ದಾರದಿಂದ ಹೊಲಿದರೆ ಸಾಕು; ದೀಪ ಹತ್ತುತ್ತದೆ. ಕೆಲವು ವರ್ಷಗಳ ನಂತರ ಅವಳೂ ಅವಳ ಸಹೋದ್ಯೋಗಿಯೂ, ಇದರಿಂದ ಜನ ಏನೇನು ಮಾಡಿದ್ದಾರೆಂದು ಹುಡುಕಿ ನೋಡಿದರು. ಸಾಮಾನ್ಯ ಎಲೆಕ್ಟ್ರಾನಿಕ್ ಬಿಲ್ಲೆಗಳಲ್ಲಿ ಹೆಂಗಸರು ಮಾಡಿದ್ದು ಬೆರಳೆಣಿಕೆಯಷ್ಟು. ಈ ಹೊಲಿಯುವ ಬಿಲ್ಲೆಯಲ್ಲಿ ಹೆಚ್ಚಿನದು ಹೆಂಗಸರದೇ. 'ಹೆಣ್ಣುಮಕ್ಕಳಿಗೆ ಯಂತ್ರದಲ್ಲಿ ಆಸಕ್ತಿಯಿಲ್ಲ' ಎಂದು ಸ್ಟಾಫ್ ರೂಮಿನಲ್ಲಿ ನಾವೇ ಎಷ್ಟು ಸಲ ಹೇಳಿಲ್ಲ!

ಅಪಾಯದ ಮಾತನ್ನೂ ಮುಚ್ಚಿಡಬಾರದು. 2011ರ ಏಪ್ರಿಲಿನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಾರ್ಯಾಗಾರದಲ್ಲಿ ರಾತ್ರಿ ಒಂಟಿಯಾಗಿ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಕೂದಲು ಲೇತಿಗೆ ಸಿಕ್ಕಿ, ಅವಳು ಪ್ರಾಣ ಕಳೆದುಕೊಂಡಳು. ಭೌತಶಾಸ್ತ್ರ ಮತ್ತು ಖಗೋಳ ಓದುತ್ತಿದ್ದ, ಪದವಿಗೆ ಇನ್ನೇನು ಕೆಲವೇ ವಾರಗಳಿದ್ದ ಹುಡುಗಿ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದುರಿಗೆ ನಮ್ಮ ತರಗತಿಯ ಎರಡೆರಡು ಜಡೆಗಳ ಸಾಲು. ಆ ಘಟನೆಯ ನಂತರ ಅಲ್ಲಿ ಒಬ್ಬರೇ ಯಂತ್ರ ನಡೆಸಕೂಡದು, ನೋಡಿಕೊಳ್ಳುವವರಿದ್ದಾಗ ಮಾತ್ರ ಬಾಗಿಲು ತೆರೆಯಬೇಕು ಎಂಬ ನಿಯಮಗಳು ಬಿಗಿಯಾದವು. ತಂಗಿಯ ಮಗಳ ಕಾರ್ಯಾಗಾರದ ಬಾಗಿಲಲ್ಲೂ ಬರೆದಿದೆಯಂತೆ: ಕೂದಲು ಕಟ್ಟಿ, ಬಳೆ ಉಂಗುರ ತೆಗೆಯಿರಿ, ತೋಳು ಮಡಿಸಿ, ಕಣ್ಣಿಗೆ ಕನ್ನಡಕ ಹಾಕಿ, ಮುಚ್ಚಿದ ಚಪ್ಪಲಿಯಿಲ್ಲದೆ ಒಳಗೆ ಬರಬೇಡಿ. ಇದು ಉದ್ದ ಕೂದಲಿನ ಗಂಡಿಗೂ ಒಂದೇ. ಗಮನಿಸಿ, 'ಹುಡುಗಿಯರು ಬರಬೇಡಿ' ಎಂದು ಬರೆದಿಲ್ಲ. ಒಲೆಯ ಮುಂದೆ ಸೆರಗು ಸಿಕ್ಕಿಸಿಕೋ ಎಂದು ನಮ್ಮ ಮಕ್ಕಳಿಗೆ ಹೇಳಿಕೊಡುತ್ತೇವೆಯೇ ಹೊರತು ಅಡಿಗೆ ಮಾಡಬೇಡ ಎನ್ನುತ್ತೇವೆಯೇ?

ಇದನ್ನೆಲ್ಲ ಬರೆಯುವಾಗ ನನ್ನದೇ ಒಂದು ತಪ್ಪನ್ನು ಹೇಳದೆ ಮುಗಿಸಿದರೆ ಮೋಸವಾಗುತ್ತದೆ. ಈ ಕಾರ್ಯಾಗಾರಗಳು ದೂರದ ಮಾತಾಗಿ ಉಳಿದಿಲ್ಲ. ಎಂ.ಐ.ಟಿ.ಯವರ ಮಾದರಿಯ ಕಾರ್ಯಾಗಾರ ಹೊರದೇಶದಲ್ಲಿ ಮೊದಲು ತೆರೆದದ್ದು 2002ರಲ್ಲಿ, ಪುಣೆ ಜಿಲ್ಲೆಯ ಪಾಬಳ ಎಂಬ ಹಳ್ಳಿಯಲ್ಲಿ. ವಿಜ್ಞಾನಿ ಶ್ರೀನಾಥ ಕಲಬಾಗ್ ಅವರು ಶಾಲೆ ಬಿಟ್ಟ ಮಕ್ಕಳಿಗೆ ಕೈಕೆಲಸದಿಂದಲೇ ವಿದ್ಯೆ ಕಲಿಸಲು 1983ರಲ್ಲಿ ಕಟ್ಟಿದ್ದ ವಿಜ್ಞಾನ ಆಶ್ರಮದಲ್ಲಿ. ಇಂದು ಅಂತಹವು ನೂರಕ್ಕೂ ಹೆಚ್ಚು ದೇಶಗಳಲ್ಲಿವೆ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆ 2016ರಲ್ಲಿ ಬಂದ ಮೇಲೆ ಶಾಲೆಗಳಿಗೂ 20 ಲಕ್ಷ ರೂಪಾಯಿಗಳವರೆಗೆ ಅನುದಾನ ಸಿಕ್ಕಿ, ತ್ರೀ-ಡಿ ಪ್ರಿಂಟರು, ಬೆಸುಗೆ ಕಡ್ಡಿ, ಡ್ರಿಲ್ಲುಗಳು ಬಂದವು. ನಾನು ಕೆಲಸ ಮಾಡುವ ಶಾಲೆಗೂ ಇಂಥದ್ದೊಂದು ಕೋಣೆ ಬಂತು.

ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದ ದಿನಗಳಲ್ಲಿ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ವಸ್ತುಪ್ರದರ್ಶನದ ತಯಾರಿ. ನಾನು ಎರಡನೆಯ ಯೋಚನೆಯಿಲ್ಲದೆ ಹುಡುಗರಿಗೆ ಬೆಸುಗೆ ಕಡ್ಡಿ ಕೊಟ್ಟೆ. ಹುಡುಗಿಯರಿಗೆ 'ನಿಮ್ಮ ಅಕ್ಷರ ದುಂಡಗಿದೆ' ಎಂದು ಚಾರ್ಟು ಬರೆಯಲು ಹೇಳಿದೆ. ಎಂಟನೆಯ ತರಗತಿಯ ಒಬ್ಬಳು "ಮೇಡಂ, ನಾನೂ ಒಂದ್ಸಲ ಬೆಸುಗೆ ಹಾಕ್ಲಾ?" ಎಂದು ಕೇಳಿದಳು. "ಕೈ ಸುಟ್ಟುಕೊಂಡರೆ ನಿಮ್ಮಮ್ಮನಿಗೆ ಯಾರು ಉತ್ತರ ಹೇಳೋದು?" ಎಂದೆ. ಹುಡುಗರ ಅಮ್ಮಂದಿರಿಗೆ ಯಾರು ಉತ್ತರ ಹೇಳುತ್ತಿದ್ದರೋ ಯೋಚಿಸಲಿಲ್ಲ. ಅವಳು ಹೋಗಿ ಚಾರ್ಟಿಗೆ ಕೆಂಪು ಅಂಚು ಹಾಕುತ್ತ ಕೂತಳು. ಅವಳ ಮುಖವನ್ನು ಆಗ ನಾನು ಸರಿಯಾಗಿ ನೋಡಿರಲಿಲ್ಲ. ಎಲೆನ್ ಸ್ವಾಲೋಳ ಸೂಜಿದಾರದ ಕಥೆ ಓದಿದಾಗ ನೆನಪಾದದ್ದು ಆ ಮುಖ. ಕ್ರಾಫ್ಟ್ ಪೀರಿಯಡ್ಡಿನಲ್ಲಿ ಕಿಟಕಿಯಿಂದ ಇಣುಕುತ್ತಿದ್ದವಳು, ಬೀಗದ ಕೈ ಸಿಕ್ಕಿದ ಕೂಡಲೆ ಕಿಟಕಿಯ ಒಳಗಡೆ ನಿಂತು ಅದೇ ಮಾಡಿದ್ದೆ.

ಶಾಲೆ ಮತ್ತೆ ತೆರೆದಾಗ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಅಮ್ಮನ ಸಿಂಗರ್ ಮಿಷನ್ನನ್ನು ಆಟೋದಲ್ಲಿ ಹಾಕಿಸಿಕೊಂಡು ಹೋಗಿ ಆ ಕೋಣೆಯಲ್ಲಿ ಇರಿಸಿದೆ. ಅಮ್ಮ ಹೋಗಿ ಆರು ವರ್ಷವಾಯಿತು. ಹೂದಾನಿ ಹೊತ್ತು ಸಾಕಾಗಿತ್ತು ಅದಕ್ಕೂ. ಎಣ್ಣೆ ಬಿಟ್ಟು ಹೊಸ ಬೆಲ್ಟು ಹಾಕಿಸಿದೆ. ಈಗ ಶನಿವಾರದ ಬೆಳಗಿನ ಕೊನೆಯ ಎರಡು ಪೀರಿಯಡ್ಡು ಸರದಿಯ ಪ್ರಕಾರ ಎಲ್ಲರೂ ಎಲ್ಲವನ್ನೂ ಮುಟ್ಟಬೇಕು. ಗಂಡುಹುಡುಗರು ಬಾಬಿನ್ನಿಗೆ ದಾರ ಸುತ್ತಲು ಪಡುವ ಪಾಡು ನೋಡಬೇಕು ನೀವು! ಚಾರ್ಟಿಗೆ ಅಂಚು ಹಾಕಿದ್ದ ಹುಡುಗಿ ಈಗ ಒಂಬತ್ತನೆಯ ತರಗತಿ. ಜಡೆಯನ್ನು ಎತ್ತಿ ಕಟ್ಟಿ, ಕನ್ನಡಕ ಹಾಕಿ ಬೆಸುಗೆ ಕಡ್ಡಿ ಹಿಡಿಯುತ್ತಾಳೆ. ಮೊದಲ ದಿನ ಬೆರಳ ತುದಿ ಸುಟ್ಟುಕೊಂಡಳು. ನಲ್ಲಿಯ ಕೆಳಗೆ ಕೈ ಹಿಡಿಸಿ, ಸಂಜೆ ಅವಳ ಅಮ್ಮನಿಗೆ ನಾನೇ ಫೋನು ಮಾಡಿದೆ. "ಒಗ್ಗರಣೆ ಸಿಡಿಸ್ಕೊಂಡ್ರೂ ಅಷ್ಟೇ ಆಗೋದಲ್ವಾ ಮೇಡಂ" ಎಂದರು ಆ ತಾಯಿ. ಉತ್ತರ ಹೇಳುವುದು ಅಷ್ಟು ಸುಲಭವಿತ್ತು.

ಒಂದು ತೊಡಕು ಬಂದದ್ದು ದಾಸ್ತಾನು ಪುಸ್ತಕದಲ್ಲಿ. ಶಾಲೆಗೆ ಬಂದ ಯಾವ ವಸ್ತುವನ್ನೂ ಅದರಲ್ಲಿ ಬರೆಯಬೇಕು. ಗುಮಾಸ್ತರು ಪೆನ್ನು ಹಿಡಿದು ಕೂತು, "ಹೊಲಿಗೆ ಮಿಷನ್ನನ್ನ ಯಾವ ತಲೆಬರಹದ ಕೆಳಗೆ ಹಾಕ್ಲಿ ಮೇಡಂ? ಪೀಠೋಪಕರಣ ಅಂತ ಹಾಕಿಬಿಡ್ಲಾ? ಮೇಜೂ ಜೊತೆಗಿದೆಯಲ್ಲ" ಎಂದರು. ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡು, ಎರಡು ಹಾಳೆ ಮಗುಚಿ, ತ್ರೀ-ಡಿ ಪ್ರಿಂಟರಿನ ಕೆಳಗಿನ ಸಾಲಿನಲ್ಲಿ ನಾನೇ ಬರೆದೆ: 'ಯಂತ್ರ - ಹೊಲಿಗೆ - ಒಂದು. ಸುಸ್ಥಿತಿಯಲ್ಲಿದೆ.'